ಬೋಳು ಮೋಟರಿಗೆ ಮೊದಲ ಹಾರ

ನೀಲವ್ವನ ಹಿಟ್ಟಿನ ಗಿರಣಿಗೆ ಬರುತ್ತಿದ್ದುದು ಸಿಂಗಲ್ ಫೇಸ್ ಕರೆಂಟು. ಗಿರಣಿ ಮೋಟರಿಗೆ ಬೇಕಾದದ್ದು ತ್ರೀ ಫೇಸ್. ಇಲ್ಲದ ಫೇಸನ್ನು ತಾನೇ ಹುಟ್ಟಿಸಿ ಆ ಕೊರತೆ ತುಂಬಲೆಂದೇ ಮೂಲೆಯಲ್ಲಿ ಬೆಲ್ಟಿಲ್ಲದ ಇನ್ನೊಂದು ಮೋಟರ್ ತಿರುಗುತ್ತಿತ್ತು. ಜನ ಅದನ್ನು ಬೋಳು ಮೋಟರ್ ಎನ್ನುತ್ತಿದ್ದರು. ನೀಲವ್ವ ದಿನವೂ ಮೊದಲು ಅದನ್ನು ಚಾಲೂ ಮಾಡಿ, ಆಮೇಲೆ ಗಿರಣಿ ಹಾಕುತ್ತಿದ್ದಳು.

ಆಯುಧಪೂಜೆಯಂದು ಮೊದಲ ಹಾರವೂ ಅದಕ್ಕೇ ಬಿತ್ತು.

ಗಿರಣಿ ಮೋಟರ್ ಒಳಗೊಳಗೇ ಕುದಿಯಿತು. “ಜೋಳ ಬೀಸುವವನು ನಾನು. ಬರೀ ಸುತ್ತುವವನಿಗೆ ಹಾರ. ಅವ್ವಾ, ಅವನನ್ನು ಆಫ್ ಮಾಡು. ನಾನೊಬ್ಬನೇ ಬೀಸಿ ತೋರಿಸುತ್ತೇನೆ.”

“ಬೇಡಪ್ಪಾ,” ಎಂದಳು ನೀಲವ್ವ. ಅದು ಹಟ ಬಿಡಲಿಲ್ಲ. ಮರುದಿನ ಅವಳು ಬೋಳು ಮೋಟರನ್ನು ಮುಟ್ಟದೆ ಗಿರಣಿಯ ಸ್ವಿಚ್ ಹಾಕಿದಳು.

ಗಿರಣಿ ಮೋಟರ್ ಗುಂಯ್ ಎಂದಿತು, ನಡುಗಿತು, ಒಂದು ಸುತ್ತೂ ತಿರುಗಲಿಲ್ಲ. ಜೋಳದ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಮೂಗು ಮುಚ್ಚಿಕೊಂಡರು. ನೀಲವ್ವ ತಟ್ಟನೆ ಸ್ವಿಚ್ ತೆಗೆದಳು.

“ಏನಿದು ಸುಟ್ಟ ವಾಸನೆ?” ಎಂದಳು.

“ಹೊಟ್ಟೆಕಿಚ್ಚು, ಅವ್ವಾ,” ಎಂದಿತು ಬೋಳು ಮೋಟರ್. “ನನಗೂ ಇದೆ. ಇಷ್ಟು ವರ್ಷ ಸುತ್ತಿದರೂ ಒಂದು ಹಿಡಿ ಹಿಟ್ಟು ನನ್ನ ಹೆಸರಿಗಿಲ್ಲ. ತಿರುಗುತ್ತಲೇ ಇರುವುದರಿಂದ ಸುಡುವುದಿಲ್ಲ, ಅಷ್ಟೇ.”