ಮುದ್ದಲದೇವಿಯ ತೋಟದ ಬೆಲೆ

"ಕೇಳಿರಪ್ಪೋ ಕೇಳಿ! ಹಿಂದಿನ ಕಾಲದ ರಾಣಿ ಮುದ್ದಲದೇವಿ ಊರ ಜನಕ್ಕೆಂದು ನೆಡಿಸಿದ ತೋಟ ಉಳಿಯಬೇಕೋ ಉರುಳಬೇಕೋ, ರಾಜಕುಮಾರಿಯ ಮೂರು ಒಗಟು ಬಿಡಿಸಿದವರ ಮಾತೇ ಕಟ್ಟಾಜ್ಞೆ! ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ಅಗಸರ ಮಾಚ ಒಗೆಯುವುದನ್ನು ಬಿಟ್ಟು ಎದ್ದು ನಿಂತ.

"ಬೇಡ ಕಣೋ ಮಗ, ಮರ ಹೋದ್ರೆ ಹೋಗ್ಲಿ, ನೀನುಳ್ಕೋ" ಎಂದು ಅವ್ವ ಕೈ ಹಿಡಿದಳು.

"ಆ ತೋಟದ ಆಲಕ್ಕೇ ಜೋಲಿ ಕಟ್ಟಿ ನನ್ನ ತೂಗಿದ್ಯಲ್ಲವ್ವಾ" ಎಂದು ಮಾಚ ಕೈ ಬಿಡಿಸಿಕೊಂಡು ಹೊರಟ.

ಸಭೆಯಲ್ಲಿ ರಾಜಕುಮಾರಿ ಪದ್ಮಲೆ ಕೇಳಿದಳು: "ತೋಟದಲ್ಲಿ ಒಂದುಂಟು. ಊರೆಲ್ಲ ಹಂಚಿಕೊಂಡರೂ ಒಬ್ಬೊಬ್ಬರಿಗೂ ಇಡಿಯಾಗಿಯೇ ಸಿಗುತ್ತದೆ. ಏನದು?"

ತೋಟ ಕಡಿಸಿ ಅಲ್ಲಿ ಅಂಗಡಿಬೀದಿ ಕಟ್ಟಿಸಲು ಕಾದಿದ್ದ ಮಾಣಿಕಸೆಟ್ಟಿ ಮುಂದೆ ಬಂದ. "ಮಾವಿನ ಹಣ್ಣು!"

"ಹಂಚಿದರೆ ಅದು ಹೋಳಾಗುವುದಲ್ಲವೇ ಸೆಟ್ಟರೇ?" ಎಂದಳು ಪದ್ಮಲೆ. ಭಟರು ಸೆಟ್ಟಿಯನ್ನು ಎಳೆದೊಯ್ದರು.

ಆದರೂ ಮಾಚ ಮುಂದೆ ಬಂದು ಹೇಳಿದ: "ಸಂಪಿಗೆಯ ಕಂಪು, ಅಮ್ಮಣ್ಣಿ."

ಪದ್ಮಲೆ ತಲೆದೂಗಿದಳು. "ಬೊಕ್ಕಸವನ್ನೆಲ್ಲ ಸುರಿದರೂ ನಾಳೆಗೆ ತರಲಾಗದ್ದು ಅಲ್ಲೇನಿದೆ?"

ಆ ಜಾಗದಲ್ಲಿ ಮಹಲು ಬಯಸಿದ್ದ ಪಾಳೆಯಗಾರ ಕಸ್ತೂರಿನಾಯಕ ಮೀಸೆ ತಿರುವಿದ. "ಹಣಕ್ಕೆ ಬಾರದ್ದು ಏನೂ ಇಲ್ಲ!" ಅವನನ್ನೂ ಭಟರು ಎಳೆದೊಯ್ದರು.

"ಆಲದ ನೆರಳು" ಎಂದ ಮಾಚ. "ಸಸಿ ಕೊಳ್ಳಬಹುದು, ಮರದ ವಯಸ್ಸು ಕೊಳ್ಳೋಕಾಗಲ್ಲ."

ಅದೂ ಸರಿಯಾಯಿತು. ಪದ್ಮಲೆ ಮೆಲ್ಲನೆ ಕೇಳಿದಳು: "ಮುದ್ದಲದೇವಿ ತೋಟವನ್ನು ಒಬ್ಬರಿಗೆ ಕೊಟ್ಟುಹೋದಳು. ಅವರ ಮುಖ ಅವಳು ಕಾಣಲೇ ಇಲ್ಲ. ಯಾರವರು?"

ಮಾಚ ತಲೆಯೆತ್ತಿ ಹೇಳಿದ:

"ನಾನು."

"ಅಗಸನಿಗೆ ಎಷ್ಟು ಸೊಕ್ಕು!" ಎಂದು ಮಂತ್ರಿ ಗುಡುಗಿದ.

"ಸೊಕ್ಕಲ್ಲ ಸ್ವಾಮಿ. ಆಲ ನೆಟ್ಟವರು ಅದರ ನೆರಳಲ್ಲಿ ಕೂರಲಿಲ್ಲ. ಆಮೇಲೆ ಹುಟ್ಟಿದ ನನಗೆ ಬಿಟ್ಟುಹೋದರು, ನಿಮಗೂ ಬಿಟ್ಟುಹೋದರು. ಇನ್ನೂ ಹುಟ್ಟದವರಿಗೂ ಅದರಲ್ಲಿ ಪಾಲಿದೆ. ಅವರನ್ನು ಕೇಳದೆ ಕಡಿಯೋದು ಹೇಗೆ?"

ಪದ್ಮಲೆಯ ಕಣ್ಣು ತುಂಬಿತು. ಮಹಾರಾಜ ಸಿಂಹಾಸನದಿಂದಿಳಿದು ಬಂದ.

"ತೋಟದ ಬೆಲೆ ಇವತ್ತು ತಿಳಿಯಿತು. ಏನು ಬೇಕು, ಕೇಳಪ್ಪ."

"ಆ ಇಬ್ಬರ ತಲೆ ಉಳಿಸಿ, ಬುದ್ಧಿ. ತೋಟ ಊರಿನದೆಂದು ಕಲ್ಲಲ್ಲಿ ಕೊರೆಸಿ."

ಎರಡೂ ನಡೆದವು. ತೋಟ ನೋಡಿಕೊಳ್ಳುವ ಪಾರುಪತ್ಯ ಮಾಚನಿಗೇ ಸಂದಿತು. ಅವನನ್ನು ಪಟ್ಟದಾನೆಯ ಮೇಲೆ ಮೆರೆಸಿದ ದಿನ ಅವ್ವ ತೋಟದ ಬಾಗಿಲಲ್ಲಿ ಎದೆಯೆತ್ತಿ ನಿಂತು, ಕಂಡವರನ್ನೆಲ್ಲ ಕರೆಯುತ್ತಿದ್ದಳು:

"ಒಳಗೆ ಬನ್ನಿ, ಬನ್ನಿ. ನಿಮ್ಮದೇ ತೋಟ!"