ಕೈಗನ್ನಡಿ ತೋರಿಸಿದ ಮುಖ

ಈರಬಸಪ್ಪನ ಕ್ಷೌರದಂಗಡಿಯಲ್ಲಿ ಊರೇ ಮಾತಾಡುತ್ತಿತ್ತು. ಒಂದು ಬೆಳಿಗ್ಗೆ ಪೊಲೀಸ್ ಫೌಜದಾರರು ಬಂದು ಕುರ್ಚಿಯಲ್ಲಿ ಕೂತರು.

"ಇಲ್ಲಿ ಯಾರ್ಯಾರು ಸರ್ಕಾರಕ್ಕ ಬೈತಾರ, ನನಗ ಹೇಳಬೇಕು. ಇಲ್ಲಾಂದ್ರ ಅಂಗಡಿಗೆ ಬೀಗ!"

"ಆತ್ರಿ ಸಾಹೇಬ್ರ," ಎಂದು ಈರಬಸಪ್ಪ ಕತ್ತರಿ ಹಿಡಿದ.

ಕತ್ತರಿ ಆಡತೊಡಗಿದರೆ ಎಂಥವರ ನಾಲಿಗೆಯೂ ಸಡಿಲವಾಗುತ್ತದೆ. ಫೌಜದಾರರೂ ತಮ್ಮನ್ನು ಈ ಮೂಲೆಗೆ ಎತ್ತಂಗಡಿ ಮಾಡಿದ ಸರ್ಕಾರವನ್ನು ಬಾಯಿತುಂಬ ಬೈದರು.

ಕೆಲಸ ಮುಗಿಯಿತು. "ಸಾಹೇಬ್ರ, ಒಬ್ಬಾಂವ ಸಿಕ್ಕಾನ್ರಿ."

"ಯಾರಂವ? ತೋರಸು!"

ಹಿಂದಲೆ ತೋರಿಸುವ ಕೈಗನ್ನಡಿಯನ್ನು ಈರಬಸಪ್ಪ ಅವರ ಮುಖದ ಮುಂದೆಯೇ ಹಿಡಿದ.

ಫೌಜದಾರರು ಮೆಲ್ಲಗೆ ಕೇಳಿದರು, "ಯಾರ ಮುಂದೂ ಹೇಳೂದಿಲ್ಲಲ್ಲ?"

"ಯಾರ ಮಾತೂ ಹೇಳೂದಿಲ್ರಿ. ಇಲ್ಲಿ ಉದುರಿದ ಕೂದಲಾ, ಉದುರಿದ ಮಾತಾ, ಎರಡೂ ಸಂಜಿಗೆ ಗುಡಿಸಿ ಚೆಲ್ಲತೀನಿ."