ಚಿಂದಿ ಕಟ್ಟಿದ ತೆನೆ

ಬಹಳ ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಿಗೆ ಬರದಿದ್ದ ಕಾಲದಲ್ಲಿ, ಕರಿ ಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತಂತೆ. ಊರ ಹೆಸರು ಸಂಕನಹಾಳ. ಸುತ್ತ ಕಣ್ಣು ಹಾಯಿಸಿದಷ್ಟೂ ಬಿಳಿಜೋಳದ ಹೊಲ. ಆ ಊರಲ್ಲಿ ಕೊಂತೆವ್ವ ಎಂಬ ಹೆಂಗಸಿದ್ದಳಂತೆ. ಅವಳು ಹೊಲದಲ್ಲಿ ಕಾಲಿಟ್ಟರೆ ತೆನೆಗಳು ತಲೆಯೆತ್ತಿ ನೋಡುತ್ತಿದ್ದವಂತೆ. ಅವಳ ಹೊಲದ ಒಂದು ತೆನೆ ಬಡಿದರೆ ಒಂದು ಸೇರು ಕಾಳು ಉದುರುತ್ತಿತ್ತಂತೆ. ಹೀಗೆಲ್ಲ ಹೇಳುತ್ತಾರೆ. ಒಂದು ತೆನೆಗೆ ಒಂದು ಸೇರು ಯಾವ ಕಾಲದಲ್ಲೂ ಬಂದಿಲ್ಲ, ಬರುವುದೂ ಇಲ್ಲ. ಸತ್ತವರ ಬಗ್ಗೆ ಧಾರಾಳವಾಗಿ ಮಾತಾಡಲು ಏನು ಖರ್ಚು? ಬದುಕಿದ್ದಾಗ ಅವಳು ಕೈಯೊಡ್ಡಿ ಕೇಳಿದ ಒಂದು ಸೇರು ಕಾಳನ್ನು ಕೊಡದ ಊರು ಅದು. ಕೇಳಿ, ಹೇಳುತ್ತೇನೆ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಸುಗ್ಗಿ ಬಂದಾಗ, ಕುಡಗೋಲು ಹಚ್ಚುವ ಮೊದಲು, ಪ್ರತಿ ಮನೆಯವರೂ ತಮ್ಮ ಹೊಲದ ದಪ್ಪ ದಪ್ಪ ತೆನೆಗಳನ್ನು ಹುಡುಕಿ ಕೊಯ್ದು ಹಣಮಪ್ಪನ ಗುಡಿಗೆ ತೋರಣ ಕಟ್ಟಬೇಕು. ಯಾರ ತೋರಣ ಎಲ್ಲಕ್ಕಿಂತ ದಪ್ಪವೋ ಅವರಿಗೆ ಆ ವರ್ಷದ ಮೊದಲ ತೆಂಗಿನಕಾಯಿ, ಮೊದಲ ಮರ್ಯಾದೆ. ಎರಡನೇ ತರದ ತೆನೆ ಗೌಡರ ಮನೆಗೆ, ಬೀಗರ ಮನೆಗೆ. ಮಿಕ್ಕಿದ್ದು ರೊಟ್ಟಿಗೆ. ರೊಟ್ಟಿಗಾಗಿ ಉಳಿದದ್ದು ಬೀಜಕ್ಕೆ. ಅಜ್ಜಂದಿರ ಕಾಲದಲ್ಲಿ ಹತ್ತು ಚೀಲ ಬೆಳೆಯುತ್ತಿದ್ದ ಹೊಲ ಅಪ್ಪಂದಿರ ಕಾಲಕ್ಕೆ ಎಂಟು ಚೀಲಕ್ಕೆ ಇಳಿಯಿತು, ಮಕ್ಕಳ ಕಾಲಕ್ಕೆ ಆರಕ್ಕೆ. ಮಣ್ಣಿಗೆ ವಯಸ್ಸಾಯಿತು ಅಂದರು. ಮಳೆ ಮೊದಲಿನಂತಿಲ್ಲ ಅಂದರು. ಯಾರೋ ಮಾಡಿದ ಪಾಪ ಅಂದರು. ದೇವರಿಗೆ ಇನ್ನೂ ದಪ್ಪ ತೆನೆ ಕೊಡೋಣ ಅಂದರು.

ಕೊಂತೆವ್ವನ ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಊರ ಕೆಳಗೆ ಒಂದು ತುಂಡು ಹೊಲ, ಪಕ್ಕದಲ್ಲೇ ಮೈದುನನ ಹೊಲ. ಮೈದುನನ ಹೆಂಡತಿ ಬಾಳವ್ವ. ಕೊಂತೆವ್ವ ಮೊದಲು ಎಲ್ಲರಂತೆಯೇ ಇದ್ದವಳು. ಒಂದು ಮಳೆಗಾಲ ಗುಡಿಯ ಹಿಂದೆ ಹೋದಾಗ ಗೋಡೆಯ ಬುಡದಲ್ಲಿ ನಾಲ್ಕು ಜೋಳದ ಗಿಡ ಕಂಡಳಂತೆ. ತೋರಣದಿಂದ ಹಕ್ಕಿ ಉದುರಿಸಿದ ಕಾಳು ತಾನೇ ಮೊಳೆತು ಬೆಳೆದದ್ದು. ಯಾರೂ ಉತ್ತಿಲ್ಲ, ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ. ತೆನೆ ಮಾತ್ರ ಮೊಳಕೈ ಗಾತ್ರ. ಅದೇ ಮಣ್ಣು, ಅದೇ ಮಳೆ. ಅವಳು ಅಲ್ಲೇ ಕೂತುಬಿಟ್ಟಳಂತೆ. ಮಣ್ಣಿಗೆ ವಯಸ್ಸಾಗಿಲ್ಲ, ನಾವೇ ಒಳ್ಳೆಯದನ್ನೆಲ್ಲ ಗುಡಿಗೆ ಕಟ್ಟಿ ಕೆಟ್ಟದ್ದನ್ನು ಬಿತ್ತುತ್ತಿದ್ದೇವೆ ಎಂದು ಅವಳಿಗೆ ಹೊಳೆದದ್ದು ಅಲ್ಲಿ.

ಆ ನಾಲ್ಕು ತೆನೆಯನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಹಿಂಗಾರಿಗೆ ಬಿತ್ತಿದಳು. ಮುಂದಿನ ಸುಗ್ಗಿಯಿಂದ ಅವಳದು ಬೇರೆಯೇ ಲೆಕ್ಕ. ಹಳೇ ಸೀರೆ ಹರಿದು ಚಿಂದಿ ಮಾಡಿ, ನಿಂತ ಬೆಳೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಡ್ಡಾಡುವಳು. ಬದುವಿನ ಮೇಲೆ ಒಂಟಿಯಾಗಿ ದಪ್ಪಗೆ ಬೆಳೆದ ತೆನೆಯನ್ನು ಮುಟ್ಟುವುದಿಲ್ಲ. ತಿಪ್ಪೆ ಇದ್ದ ಜಾಗದ ತೆನೆಯನ್ನೂ ಮುಟ್ಟುವುದಿಲ್ಲ. ಅವು ಜಾಗದ ಗುಣಕ್ಕೆ ದಪ್ಪಗಾದವು. ಹೊಲದ ನಡುವೆ, ನಾಲ್ಕು ಕಡೆಯಿಂದ ಅಕ್ಕಪಕ್ಕದ ಗಿಡಗಳು ಒತ್ತುತ್ತಿದ್ದರೂ, ನೀರಿನ ಪಾಲು ಕಡಿಮೆ ಸಿಕ್ಕರೂ, ಬಾಗದೆ ನಿಂತು ಕಾಳು ತುಂಬಿಕೊಂಡ ತೆನೆ ಯಾವುದೋ ಅದಕ್ಕೆ ಒಂದು ಚಿಂದಿ ಕಟ್ಟುವಳು. ಆ ತೆನೆಗಳನ್ನು ಬೇರೆ ಕೊಯ್ದು ಒಲೆಯ ಮೇಲಿನ ಜಂತಿಗೆ ನೇತುಹಾಕುವಳು. ಹೊಗೆ ತಾಗಿದ ಕಾಳಿಗೆ ಹುಳ ಬರುವುದಿಲ್ಲ. ಹೊಲದ ಒಂದೊಂದು ಪಾಲಿನಲ್ಲೂ ಮೂರನೇ ವರ್ಷಕ್ಕೊಮ್ಮೆ ಜೋಳ ಬಿಟ್ಟು ಕಡಲೆ ಬಿತ್ತಿ ಮಣ್ಣಿಗೆ ಉಸಿರಾಡಲು ಬಿಡುವಳು. ದೇವರಿಗೆ? ಬದುವಿನ ಮೇಲಿನ ನಾಲ್ಕು ತೆನೆ. ಊರು ನಕ್ಕಿತು. ಕೊಂತೆವ್ವನಿಗೆ ಜೋಳದ ಜೊತೆ ಮದುವೆಯಾಗಿದೆ, ತೆನೆಗೆ ತಾಳಿ ಕಟ್ಟುತ್ತಾಳೆ ಎಂದು ಹಾಡು ಕಟ್ಟಿತು.

ಹನ್ನೆರಡು ವರ್ಷ ಕಟ್ಟಿದಳಂತೆ. ಆರು ಚೀಲ ಎಂಟಾಯಿತು, ಹತ್ತಾಯಿತು, ಹದಿನಾಲ್ಕಾಯಿತು. ಆಗ ನಗು ನಿಂತಿತು. ನಕ್ಕವರೇ ಬಿತ್ತಿಗೆಯ ಹೊತ್ತಿಗೆ ಚೀಲ ಹಿಡಿದು ಬಾಗಿಲಿಗೆ ಬಂದರು. ಎಲ್ಲರಿಗೂ ಕೊಟ್ಟಳು. ಸೇರಿಗೆ ಸೇರು, ತಮ್ಮ ಕಾಳು ಸುರಿದು ಅವಳ ಕಾಳು ಒಯ್ಯುವುದು, ಅಷ್ಟೇ. ಬಾಳವ್ವನಿಂದ ಅದನ್ನೂ ಇಸಿದುಕೊಳ್ಳಲಿಲ್ಲ. ತಂಗಿ ಇದ್ದಂತೆ, ಅವಳ ಹತ್ತಿರ ಏನು ಅಳತೆ ಅಂದಳಂತೆ.

ಊರಿನ ಗೌಡ ಚನಮಲ್ಲಗೌಡ. ಅವನಿಗೂ ಅವಳದೇ ಬೀಜ. ಆದರೆ ತೋರಣದ ಮರ್ಯಾದೆ ಎರಡು ವರ್ಷದಿಂದ ಅವನ ಮನೆ ತಪ್ಪಿತ್ತು. ಎಲ್ಲಕ್ಕಿಂತ ಒಳ್ಳೆಯ ತೆನೆ ಎಲ್ಲಿದೆ ಎಂದು ಹುಡುಕುವ ಕಷ್ಟವೇ ಇರಲಿಲ್ಲ. ಕೊಂತೆವ್ವ ತಾನೇ ಚಿಂದಿ ಕಟ್ಟಿ ಗುರುತು ಮಾಡಿಟ್ಟಿದ್ದಳಲ್ಲ! ಆಳು ಕಳಿಸಿದ. ಹಾಡಹಗಲೇ ಬಂದು ಚಿಂದಿ ಇದ್ದ ತೆನೆಗಳನ್ನಷ್ಟೇ ಕತ್ತರಿಸಿಕೊಂಡು ಹೋದರು. ಚಿಂದಿಗಳನ್ನು ಬಿಚ್ಚಿ ಬದುವಿನ ಮೇಲೆ ಎಸೆದಿದ್ದರು. ಅವಳು ಒಂದೊಂದನ್ನೇ ಆರಿಸಿಕೊಂಡಳು. ಉಳಿದವುಗಳಲ್ಲಿ ಎರಡನೇ ತರದವನ್ನು ನೋಡಿ ಮತ್ತೆ ಕಟ್ಟಿದಳು. ಮುಂದಿನ ಸುಗ್ಗಿಗೂ ಅದೇ ಆಯಿತು. ಗೌಡನಿಗೆ ಮೊದಲ ತೆಂಗಿನಕಾಯಿ ಬಂತು.

ಮೂರನೇ ಸುಗ್ಗಿಗೆ ಅವಳು ಚಿಂದಿ ಕಟ್ಟಲಿಲ್ಲ. ಬರಿಗೈಯಲ್ಲಿ ಅಡ್ಡಾಡಿದಳು, ಕಣ್ಣಲ್ಲೇ ಗುರುತು ಇಟ್ಟುಕೊಂಡಳು. ಗೌಡನ ಆಳುಗಳು ದೂರದಲ್ಲಿ ನಿಂತು ನೋಡಿದರು. ಅವಳು ಎಲ್ಲಿ ಹೆಚ್ಚು ಹೊತ್ತು ನಿಂತಳೋ ಅಲ್ಲಿ ಕೊಯ್ದರು. ಅವಳ ಕಣ್ಣನ್ನೂ ಕದ್ದರು ಅನ್ನಿ.

ನಾಲ್ಕನೇ ಸುಗ್ಗಿಗೆ ಏನು ಮಾಡಿದಳು ಗೊತ್ತೇ? ಒಳ್ಳೆಯ ತೆನೆಯ ಮುಂದೆ ತಲೆ ತಿರುಗಿಸಿ ಬಿರಬಿರನೆ ನಡೆದುಬಿಟ್ಟಳಂತೆ. ಜೊಳ್ಳು ತೆನೆಯ ಮುಂದೆ ನಿಂತಳು. ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ಹತ್ತಿದ ತೆನೆಯ ಮುಂದೆ ಇನ್ನೂ ಹೆಚ್ಚು ಹೊತ್ತು ನಿಂತಳು, ಕೈಯಲ್ಲಿ ಹಿಡಿದು ಸವರಿದಳು, ಮುತ್ತು ಕೊಟ್ಟಳು ಅಂತಲೂ ಹೇಳುತ್ತಾರೆ. ಆಳುಗಳು ಬುದ್ಧಿವಂತರು ನೋಡಿ, ಅವನ್ನೇ ಕೊಯ್ದು ಗೌಡನ ಹೆಸರಲ್ಲಿ ತೋರಣ ಕಟ್ಟಿದರು. ಊರೆಲ್ಲ ಸೇರಿದಾಗ ಗಾಳಿ ಬೀಸಿತು. ಕಪ್ಪು ಪುಡಿ ಉದುರಿ ಗೌಡನ ರುಮಾಲಿನ ಮೇಲೆ ಬಿತ್ತು. ಒಬ್ಬ ಮುದುಕ ನಕ್ಕುಬಿಟ್ಟನಂತೆ. ಅವನು ನಗದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ.

ಗೌಡ ಅವಳನ್ನು ಕರೆಸಿದ. "ಏನಬೇ ಕೊಂತೆವ್ವ, ದೇವರಿಗೂ ಮೋಸ ಮಾಡತೀ?" ಅಂದ.

ಅವಳು ತಲೆ ತಗ್ಗಿಸಲಿಲ್ಲ. "ದೇವರು ಬಿತ್ತಂಗಿಲ್ರೀ ಗೌಡ್ರ, ಬಿತ್ತಾಕಿ ನಾನು. ಚಲೋ ತೆನಿ ಮಣ್ಣಿಗೆ ಹೋಗ್ಲಿ, ಉಳಿದದ್ದು ಅವಂಗ ಬರ್ಲಿ. ಅವಂಗೇನು ಹೊಟ್ಟಿ ಹಸೀತೈತೇನ್ರೀ?"

ಆ ಮಾತು ಸಾಕಾಯಿತು. ಮಧ್ಯಾಹ್ನದ ಉರಿ ಬಿಸಿಲಲ್ಲಿ ಊರ ದನಗಳನ್ನೆಲ್ಲ ಹೊಡೆದುಕೊಂಡು ಬಂದು ಅವಳ ಹೊಲಕ್ಕೆ ಬಿಟ್ಟರು. ಅವಳು ಕೊಯ್ಲು ಇನ್ನೂ ಶುರು ಮಾಡಿರಲಿಲ್ಲ. ಜಂತಿಯ ಮೇಲೆ ಒಂದು ತೆನೆಯೂ ಇರಲಿಲ್ಲ. ಅವಳದೇ ಎತ್ತುಗಳೂ ಆ ಗುಂಪಿನಲ್ಲಿದ್ದವಂತೆ. ಅವಳ ಬೀಜದಿಂದ ಮಕ್ಕಳ ಹೊಟ್ಟೆ ತುಂಬಿಸಿದವರೆಲ್ಲ ಬದುವಿನ ಮೇಲೆ ನಿಂತು ನೋಡಿದರು. ದೇವರ ಕೆಲಸ ಎಂದುಕೊಂಡರು.

ಸಂಜೆ ಕೊಂತೆವ್ವ ಬಾಳವ್ವನ ಬಾಗಿಲಿಗೆ ಹೋದಳು. ಊರಲ್ಲಿ ಯಾರೂ ಅವಳಿಗೆ ಕಾಳು ಕೊಡಕೂಡದು ಎಂದು ಗೌಡ ಆಗಲೇ ಡಂಗುರ ಹೊಡೆಸಿದ್ದ.

"ಬಾಳವ್ವಾ, ಒಂದು ಸೇರು ಕೊಡವಾ. ತಿನ್ನಾಕಲ್ಲ, ಬಿತ್ತಾಕ," ಅಂದಳಂತೆ.

ಬಾಳವ್ವನ ಜಂತಿಯ ಮೇಲೆ ಕೊಂತೆವ್ವ ಕೊಟ್ಟ ಬೀಜದ್ದೇ ತೆನೆಗಳು ತೂಗುತ್ತಿದ್ದವು. ಅವು ಕೊಂತೆವ್ವನ ಕಣ್ಣಿಗೆ ಬಿದ್ದವು. ಬಾಳವ್ವ ಗಂಡನ ಮುಖ ನೋಡಿದಳು, ನೆಲ ನೋಡಿದಳು. "ಇಲ್ಲಕ್ಕ, ನಮ್ಮನ್ಯಾಗೂ ತೀರೇತಿ," ಅಂದಳು.

ಕೊಂತೆವ್ವ ಮಡಿಲಲ್ಲಿದ್ದ ಚಿಂದಿಗಳನ್ನು ಬಾಳವ್ವನ ಹೊಸ್ತಿಲ ಮೇಲೆ ಸುರಿದು ಎದ್ದು ಹೋದಳು. ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು. ಹೊಳೆ ದಾಟಿದಳು ಅನ್ನುವವರಿದ್ದಾರೆ, ಹೊಳೆಯಲ್ಲೇ ಉಳಿದಳು ಅನ್ನುವವರೂ ಇದ್ದಾರೆ.

ಅವಳು ಹೋದ ಮೇಲೆ ಬೆಳೆ ಕೂಡಲೇ ಸುಟ್ಟುಹೋಗಲಿಲ್ಲ. ಹಾಗೆ ಆಗಿದ್ದರೆ ಊರಿಗೆ ಬುದ್ಧಿಯಾದರೂ ಬರುತ್ತಿತ್ತು. ಬೀಜ ಅವಳದೇ ಇತ್ತು, ಅದನ್ನು ಆರಿಸುವ ಕಣ್ಣು ಇರಲಿಲ್ಲ. ಗುಡಿಗೆ ಮೊದಲಿನಂತೆ ದಪ್ಪ ತೆನೆ ಹೋಯಿತು. ಹದಿಮೂರಾಯಿತು, ಹನ್ನೆರಡಾಯಿತು. ಅವಳನ್ನು ನೋಡಿ ಕಲಿತಿದ್ದ ಕಡಲೆ ಬಿತ್ತುವುದನ್ನು ಬಿಟ್ಟು ಜೋಳದ ಮೇಲೆ ಜೋಳ ಬಿತ್ತಿದರು. ಹತ್ತಾಯಿತು, ಎಂಟಾಯಿತು. ಬಾಳವ್ವ ಮುದುಕಿಯಾದಾಗ ಆ ಚಿಂದಿಗಳನ್ನು ಹುಡುಕಿ ತೆಗೆದು ಹೊಲಕ್ಕೆ ಹೋಗಿ ಕಟ್ಟಿದಳಂತೆ. ಆದರೆ ಕಟ್ಟಿದ್ದು ತಿಪ್ಪೆಯ ಪಕ್ಕದ ತೆನೆಗಳಿಗೆ, ಬದುವಿನ ಮೇಲಿನ ತೆನೆಗಳಿಗೆ. ಅಷ್ಟು ವರ್ಷ ಬೀಜ ಒಯ್ದಿದ್ದಳೇ ಹೊರತು ಯಾವುದಕ್ಕೆ, ಯಾಕೆ ಕಟ್ಟುತ್ತೀ ಅಕ್ಕ ಎಂದು ಒಮ್ಮೆಯೂ ಕೇಳಿರಲಿಲ್ಲ. ಬೆಳೆ ಆರು ಚೀಲಕ್ಕೆ ಬಂದು ನಿಂತ ವರ್ಷ ಅವಳು ಹಾಳುಬಿದ್ದ ಕೊಂತೆವ್ವನ ಹೊಲದಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು. ಊರಿನವರು ಅವಳ ಮೈಮೇಲೆ ಕೊಂತೆವ್ವ ಬಂದಿದ್ದಾಳೆ ಅಂದರು. ಮುನಿದಿದ್ದಾಳೆ, ಸಮಾಧಾನ ಮಾಡಬೇಕು ಅಂದರು. ಅಲ್ಲೇ ಒಂದು ಕಲ್ಲು ನಿಲ್ಲಿಸಿದರು.

ಇವತ್ತಿಗೂ ಹೋಗಿ ನೋಡಿ. ಕಲ್ಲಿಗೆ ಬೆಳ್ಳಿ ಕಣ್ಣು ಹಚ್ಚಿದ್ದಾರೆ. ಸುಗ್ಗಿ ಬಂದಾಗ ಊರೆಲ್ಲ ಕೊಂತೆವ್ವನ ಹೊಲಕ್ಕೆ ಹೋಗುತ್ತದೆ. ಹೊಸ ಸೀರೆ ಹರಿದು ಚಿಂದಿ ಕಟ್ಟುತ್ತಾರೆ, ನಮ್ಮವ್ವ ತಾಯಿ ಎಂದು ಅಡ್ಡ ಬೀಳುತ್ತಾರೆ. ಪ್ರತಿ ಮನೆಯವರೂ ತಮ್ಮ ಹೊಲದ ಎಲ್ಲಕ್ಕಿಂತ ಒಳ್ಳೆಯ ತೆನೆಗಳನ್ನು ಆರಿಸಿ ತಂದು ಕಲ್ಲಿನ ಕೊರಳಿಗೆ ಹಾಕುತ್ತಾರೆ. ಹಕ್ಕಿ ತಿನ್ನುತ್ತದೆ. ಮಳೆಗಾಲದಲ್ಲಿ ಕಲ್ಲಿನ ಸುತ್ತ ನಾಲ್ಕಾರು ಗಿಡ ತಾವೇ ಎದ್ದು ಮೊಳಕೈ ಗಾತ್ರದ ತೆನೆ ಬಿಡುತ್ತವೆ. ಅವ್ವನ ಜೋಳ ಎಂದು ಅದನ್ನು ಯಾರೂ ಮುಟ್ಟುವುದಿಲ್ಲ. ಪೂಜೆಯ ದಿನ ಎಲ್ಲರೂ ಕೈಮುಗಿದು ಮನೆಗೆ ಹೋಗುತ್ತಾರೆ. ಹೋಗಿ, ಉಳಿದ ತೆನೆಗಳಲ್ಲಿ ಮುಂದಿನ ವರ್ಷದ ಬೀಜ ತೆಗೆದಿಡುತ್ತಾರೆ.